ಓಟ ಬಿಟ್ಟ ಗ್ರೇಹೌಂಡ್ ಮನೆಗೆ ಬಂದರೆ: ಎಷ್ಟು ನಿಜ, ಎಷ್ಟು ಬರೀ ನಂಬಿಕೆ?

ರೇಸಿನಲ್ಲಿ ಓಡಿದ ನಾಯಿಯನ್ನು ಎರಡು ಕೋಣೆಯ ಫ್ಲಾಟಿನಲ್ಲಿ ಸಾಕಲು ಆಗುತ್ತದೆಯೇ? ದಿನವಿಡೀ ಓಡಿಸದಿದ್ದರೆ ಅದು ಸೋಫಾ ಹರಿದುಹಾಕುವುದಿಲ್ಲವೇ? ನಾಯಿ ಸಾಕುವವರ ನಡುವೆ ಕೂತರೆ ಇಂಥ ಪ್ರಶ್ನೆಗಳಿಗೆ ಉತ್ತರದ ಬರವಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮಾಂಸದ ಅಂಗಡಿಗಳ ಮುಂದೆ ನಾಯಿಗೆಂದು ಬೋಟಿ, ಲಿವರ್, ಕೋಳಿ ಕತ್ತು ಕಟ್ಟಿಸಿಕೊಳ್ಳಲು ನಿಂತವರನ್ನು ಮಾತಾಡಿಸಿದಾಗ ನಾವು ಕೇಳಿಸಿಕೊಂಡ ಮಾತುಗಳಿವು: "ಆ ಜಾತಿಗೆ ದಿನಾ ಹತ್ತು ಕಿಲೋಮೀಟರ್ ಓಡಿಸ್ಬೇಕು." "ಅದಕ್ಕೆ ಮತ್ತು ಬರೋ ಇಂಜೆಕ್ಷನ್ ಕೊಟ್ರೆ ಏಳೋದೇ ಇಲ್ಲ." "ಹಸಿ ಮಾಂಸ ಬಿಟ್ರೆ ಬೇರೆ ಏನೂ ಹಿಡಿಯಲ್ಲ." "ಬಾಯಿಗೆ ಕುಕ್ಕೆ ಹಾಕ್ತಾರೆ ಅಂದ್ರೆ ಕಚ್ಚುತ್ತೆ ಅಂತಾನೇ ಅರ್ಥ." "ಬೆಳೆದ ನಾಯಿ ಮನೆಯವರಿಗೆ ಒಗ್ಗಲ್ಲ, ಮರೀನೇ ತರಬೇಕು."

ಇವುಗಳಲ್ಲಿ ಹೆಚ್ಚಿನವು ತಪ್ಪು. ಒಂದರಲ್ಲಿ ಮಾತ್ರ ಅರ್ಧ ಸತ್ಯವಿದೆ, ಮತ್ತು ನಾಯಿಯ ಜೀವಕ್ಕೆ ಸಂಬಂಧಿಸಿದ ಸತ್ಯ ಅದು.

ಮೊದಲು, ಇವು ಬರುವುದು ಎಲ್ಲಿಂದ?

ಬೆಂಗಳೂರಿನ ಟರ್ಫ್ ಕ್ಲಬ್‌ನಲ್ಲಿ ಓಡುವುದು ಕುದುರೆ. ಕರ್ನಾಟಕದಲ್ಲಿ ಪರವಾನಗಿ ಪಡೆದ ಗ್ರೇಹೌಂಡ್ ಟ್ರ್ಯಾಕ್ ಇಲ್ಲ. ನಮ್ಮ ದೇಶದಲ್ಲಿ ಗ್ರೇಹೌಂಡ್ ಓಟಕ್ಕೆ ಹೆಸರಾದದ್ದು ಪಂಜಾಬಿನ ಹಳ್ಳಿಗಾಡು. ಕಿಲಾ ರಾಯ್‌ಪುರದ ಗ್ರಾಮೀಣ ಕ್ರೀಡಾಕೂಟದ ಆಕರ್ಷಣೆಗಳಲ್ಲಿ ಅದೂ ಒಂದು. ಬೆಟ್ಟಿಂಗ್ ಕಟ್ಟುವ ದೊಡ್ಡ ಉದ್ಯಮವಾಗಿ ಅದು ಬೆಳೆದದ್ದು ಅಮೆರಿಕ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ. ಈಗ ಅಲ್ಲೂ ಒಂದೊಂದೇ ಟ್ರ್ಯಾಕ್ ಮುಚ್ಚುತ್ತಿದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಮತದಾರರೇ ಇದನ್ನು ಬೇಡವೆಂದರು, 2020ರ ಕೊನೆಗೆ ಅಲ್ಲಿನ ಓಟ ನಿಂತಿತು. ಮಕಾವ್‌ನ ಟ್ರ್ಯಾಕ್ 2018ರ ಜುಲೈನಲ್ಲಿ ಬಾಗಿಲು ಹಾಕಿದಾಗ 500ಕ್ಕೂ ಹೆಚ್ಚು ನಾಯಿಗಳು ಒಮ್ಮೆಗೇ ದಿಕ್ಕಿಲ್ಲದಂತಾದವು; ಅವುಗಳಿಗೆ ಹಲವು ದೇಶಗಳಲ್ಲಿ ಮನೆ ಹುಡುಕಬೇಕಾಯಿತು. ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ ನಿಷೇಧ ಘೋಷಿಸಿ, 2026ರ ಜುಲೈ ಅಂತ್ಯದ ಗಡುವು ಕೊಟ್ಟಿತು.

ಗ್ರೇಹೌಂಡ್ ಒಂದೂವರೆ ವರ್ಷಕ್ಕೆ ಓಟ ಶುರು ಮಾಡುತ್ತದೆ. ನಾಲ್ಕೈದು ವರ್ಷಕ್ಕೆ, ಪೆಟ್ಟಾದರೆ ಅದಕ್ಕೂ ಮೊದಲೇ, ಅದರ ಕೆಲಸ ಮುಗಿಯುತ್ತದೆ. ಆಯಸ್ಸು ಹತ್ತರಿಂದ ಹದಿಮೂರು ವರ್ಷ. ಅಂದರೆ ನಿವೃತ್ತಿಯ ಮೇಲೆ ಇನ್ನೂ ಅರ್ಧಕ್ಕಿಂತ ಹೆಚ್ಚು ಬದುಕು ಬಾಕಿ ಇರುತ್ತದೆ. ಮೆಲ್ಬರ್ನ್, ಸಿಡ್ನಿಯ ಕನ್ನಡಿಗರ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಅಲ್ಲಿ ಇಂಥ ನಾಯಿಗಳನ್ನು ದತ್ತು ಕೊಡಲೆಂದೇ ಕಾರ್ಯಕ್ರಮಗಳಿವೆ. ಅಲ್ಲಿಂದ ತರಿಸಿಕೊಂಡು ಇಲ್ಲಿ ಮಾರೋಣ ಎಂದರೆ ಆಗದು. 2016ರಲ್ಲಿ ಕೇಂದ್ರ ಸರ್ಕಾರ ನಾಯಿ ಆಮದನ್ನು ಬಿಗಿಗೊಳಿಸಿತು. ಮಾರಾಟಕ್ಕೆ, ಮರಿ ಮಾಡಿಸುವುದಕ್ಕೆ ತರುವಂತಿಲ್ಲ. ವಾಪಸು ಬರುವ ಕುಟುಂಬ ತನ್ನ ಸಾಕುನಾಯಿಯನ್ನು ದಾಖಲೆಗಳ ಸಮೇತ ತರಬಹುದು.

ಹಾಗಾದರೆ ಬೆಂಗಳೂರಿನಲ್ಲಿ ಇರುವವರಿಗೆ ಈ ಲೇಖನ ಯಾಕೆ? ನಮ್ಮಲ್ಲಿ ಮುಧೋಳ ನಾಯಿ ಇದೆಯಲ್ಲ, ಅದಕ್ಕೆ.

ಗ್ರೇಹೌಂಡ್‌ನ ಅಣ್ಣತಮ್ಮನೇ ಮುಧೋಳ?

ನೋಡಲು ಹಾಗೇ ಕಾಣುತ್ತದೆ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ಸಣಕಲು ಕಾಲು. ಎರಡೂ ವಾಸನೆಗಿಂತ ಹೆಚ್ಚಾಗಿ ಕಣ್ಣಿಂದ ಬೇಟೆ ಹಿಡಿಯುವ ನಾಯಿಗಳು. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿ ಉಳಿಸಿದರು. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ 'ಮನ್ ಕಿ ಬಾತ್'ನಲ್ಲಿ ಹೆಸರು ಬಂದ ಮೇಲಂತೂ ನಗರದವರೂ ಮುಧೋಳ ಮರಿ ಹುಡುಕತೊಡಗಿದರು.

ಆದರೆ ರೂಪ ಒಂದೇ ಎಂದ ಮಾತ್ರಕ್ಕೆ ರಕ್ತಸಂಬಂಧ ಹತ್ತಿರದ್ದು ಎನ್ನಲಾಗದು. 2004ರಲ್ಲಿ ನಾಯಿ ತಳಿಗಳ ಜೀನ್ ಹೋಲಿಸಿ ನೋಡಿದ ಅಧ್ಯಯನವೊಂದರಲ್ಲಿ, ಪಶ್ಚಿಮ ಏಷ್ಯಾದ ಸಲೂಕಿ ಹಳೆಯ ತಳಿಗಳ ಗುಂಪಿನಲ್ಲಿ ಬಂದರೆ, ಗ್ರೇಹೌಂಡ್ ಯುರೋಪಿನ ಕುರಿಕಾಯುವ ನಾಯಿಗಳ ಪಕ್ಕ ಹೋಗಿ ಕೂತಿತ್ತು. ಒಂದೇ ಬಗೆಯ ಕೆಲಸ ಮಾಡಿಸಿದರೆ ಬೇರೆ ಬೇರೆ ಮೂಲದ ನಾಯಿಗಳೂ ಒಂದೇ ಅಚ್ಚಿಗೆ ಬರುತ್ತವೆ. ಹಾಗಾಗಿ ಗ್ರೇಹೌಂಡ್‌ಗೆ ಹೇಳಿದ್ದೆಲ್ಲ ಮುಧೋಳಕ್ಕೂ ಸರಿ ಎಂದು ಕಣ್ಣುಮುಚ್ಚಿ ಹೇಳಲಾಗದು. ಮೈಕಟ್ಟಿನಿಂದ ಬರುವ ಗುಣಗಳು ಇಬ್ಬರಿಗೂ ಅನ್ವಯಿಸುತ್ತವೆ: ಕೊಬ್ಬು ಕಡಿಮೆ, ಚರ್ಮ ತೆಳು, ಬೆನ್ನಟ್ಟುವ ಚಟ ಜಾಸ್ತಿ. ರಕ್ತದೊಳಗಿನ ವಿಷಯ ಬಂದಾಗ ಎಚ್ಚರ ಬೇಕು. ಅದನ್ನು ಮುಂದೆ ನೋಡೋಣ.

ದಿನಾ ಹತ್ತು ಕಿಲೋಮೀಟರ್ ಓಡಿಸಬೇಕೇ?

ಬೇಡ. ಗ್ರೇಹೌಂಡ್ ಗಂಟೆಗೆ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತದೆ, ನಿಜ. ಆದರೆ ಎಷ್ಟು ಹೊತ್ತು? ಸುಮಾರು 500 ಮೀಟರಿನ ಒಂದು ರೇಸು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ದೇಹ ಇರುವುದೇ ಅದಕ್ಕೆ: ಒಮ್ಮೆಗೆ ಸಿಡಿಯುವ ಸ್ನಾಯು, ದೊಡ್ಡ ಹೃದಯ, ಎರಡೆರಡು ಬಾರಿ ನಾಲ್ಕೂ ಕಾಲು ನೆಲ ಬಿಡುವ ನೆಗೆತ. ಮ್ಯಾರಥಾನ್ ಓಡುವ ಮೈಯಲ್ಲ ಅದು. ಉಳಿದ ಹೊತ್ತು ಗ್ರೇಹೌಂಡ್ ಮಲಗುತ್ತದೆ. ಸಾಕಿದವರು ಇವುಗಳನ್ನು ಸೋಮಾರಿಗಳೆಂದೇ ಕರೆಯುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಡಿಗೆ, ವಾರಕ್ಕೊಮ್ಮೆಯೋ ಎರಡು ಸಲವೋ ಸುತ್ತ ಗೋಡೆಯಿರುವ ಜಾಗದಲ್ಲಿ ಬಿಟ್ಟು ಓಡಿಸಿದರೆ ಹೆಚ್ಚಿನವಕ್ಕೆ ಸಾಕು. ಮುಧೋಳ ಎಳೆಯದಾಗಿದ್ದಾಗ ಇನ್ನಷ್ಟು ಕೇಳುತ್ತದೆ, ಕಾವಲಿಗೆ ನಿಲ್ಲುವ ಬುದ್ಧಿಯೂ ಅದಕ್ಕಿದೆ. ಆದರೆ ಅದನ್ನೂ ಬೈಕಿಗೆ ಕಟ್ಟಿ ಓಡಿಸುವುದು ವ್ಯಾಯಾಮವಲ್ಲ, ಹಿಂಸೆ.

ಫ್ಲಾಟಿನಲ್ಲಿ ಇವು ಚೆನ್ನಾಗಿಯೇ ಇರುತ್ತವೆ. ಮೆತ್ತನೆಯ ಹಾಸಿಗೆ ಮಾತ್ರ ಬೇಕೇ ಬೇಕು. ಮೂಳೆಯ ಮೇಲೆ ಕೊಬ್ಬಿನ ಪದರವಿಲ್ಲದ ಮೈಗೆ ಮೊಸಾಯಿಕ್ ನೆಲ ಒತ್ತುತ್ತದೆ, ಮೊಣಕೈ ತರಚಿ ಗಾಯವಾಗುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿ ನಮಗೇ ಸ್ವೆಟರ್ ಬೇಕೆನಿಸುವಾಗ ಇವುಗಳಿಗೂ ಒಂದು ಹೊದಿಕೆ ಹಾಕಿ. ನಾಯಿಗೆ ಸ್ವೆಟರ್ ಎಂದರೆ ನಗುವವರು ನಗಲಿ. ಬಾಲ್ಕನಿಯಲ್ಲೋ ಗೇಟಿನ ಬಳಿಯೋ ಕಟ್ಟಿಹಾಕುವುದಾದರೆ ಈ ಜಾತಿ ನಿಮಗೆ ಬೇಡ.

ಸಣಕಲಾಗಿದೆ ಎಂದು ಅಕ್ಕಪಕ್ಕದವರು ಬೈಯುತ್ತಾರೆ, ಅದಕ್ಕೆ ಕಿವಿಗೊಡಬೇಡಿ. ಕೊನೆಯ ಒಂದೆರಡು ಪಕ್ಕೆಲುಬು ಕಾಣುವುದೇ ಸರಿಯಾದ ತೂಕ.

ಅರಿವಳಿಕೆ ಕೊಟ್ಟರೆ ಏಳುವುದಿಲ್ಲವೇ?

ಅರ್ಧ ಸತ್ಯ ಎಂದದ್ದು ಇದಕ್ಕೇ. ಥಯೊಪೆಂಟಾಲ್ ಎಂಬ ಹಳೆಯ ಅರಿವಳಿಕೆ ಔಷಧ ಕೊಟ್ಟರೆ ಬೇರೆ ನಾಯಿಗಳಿಗಿಂತ ಗ್ರೇಹೌಂಡ್ ಬಹಳ ನಿಧಾನವಾಗಿ ಎಚ್ಚರಾಗುತ್ತದೆ. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಹೀಗೆ ಎಂದು ಮೊದಲು ಹೇಳುತ್ತಿದ್ದರು. ಮುಖ್ಯ ಕಾರಣ ಯಕೃತ್ತಿನಲ್ಲಿದೆ ಎಂದು ಆಮೇಲೆ ಗೊತ್ತಾಯಿತು: ಈ ಬಗೆಯ ಔಷಧಗಳನ್ನು ಒಡೆಯುವ ಕಿಣ್ವವೊಂದು ಇವುಗಳಲ್ಲಿ ಕಡಿಮೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಹಿಂದಿರುವ ಜೀನ್ ವ್ಯತ್ಯಾಸಗಳನ್ನು ಗುರುತಿಸಿದ್ದಾರೆ.

ಹಾಗಂತ ಅರಿವಳಿಕೆಯೇ ಬೇಡ ಎಂದಲ್ಲ. ಪ್ರಪಂಚದಾದ್ಯಂತ ಸಾವಿರಾರು ಗ್ರೇಹೌಂಡ್‌ಗಳಿಗೆ ಶಸ್ತ್ರಚಿಕಿತ್ಸೆ ಆಗಿದೆ, ಆಗುತ್ತಲೇ ಇದೆ. ಸರಿಯಾದ ಔಷಧ ಆರಿಸಬೇಕು, ಮೈ ತಣ್ಣಗಾಗದಂತೆ ನೋಡಿಕೊಳ್ಳಬೇಕು, ಎಚ್ಚರಾಗುವವರೆಗೆ ಪಕ್ಕದಲ್ಲಿರಬೇಕು. ಹೆದರಿ ಸಂತಾನಹರಣ ಚಿಕಿತ್ಸೆಯನ್ನೋ ಹಲ್ಲಿನ ಚಿಕಿತ್ಸೆಯನ್ನೋ ಮುಂದೂಡುತ್ತಾ ಹೋದರೆ ತೊಂದರೆಯೇ ಹೆಚ್ಚು.

ಇನ್ನೊಂದು ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗ್ರೇಹೌಂಡ್‌ಗಳಿಗೆ ಆಪರೇಷನ್ ಆಗಿ ಒಂದೆರಡು ದಿನದ ಮೇಲೆ ರಕ್ತ ಜಿನುಗುವುದುಂಟು. ಸಂತಾನಹರಣ ಚಿಕಿತ್ಸೆಯಾದ ಗ್ರೇಹೌಂಡ್‌ಗಳ ಒಂದು ಅಧ್ಯಯನದಲ್ಲಿ ಸುಮಾರು ಕಾಲುಭಾಗ ನಾಯಿಗಳಲ್ಲಿ ಇದು ಕಂಡಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಎಲ್ಲ ಚೆನ್ನಾಗಿದೆ ಎನಿಸಿದ ಮೇಲೆ, ಎರಡನೇ ಮೂರನೇ ದಿನ ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ಕಪ್ಪುನೀಲಿ ಹರಡುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಇದನ್ನು ತಡೆಯಲು ಔಷಧಗಳಿವೆ, ಆಪರೇಷನ್‌ಗೆ ಮೊದಲೇ ಕೇಳಿಕೊಳ್ಳಬಹುದು.

ಪ್ಲೇಟ್‌ಲೆಟ್ ಕಡಿಮೆ ಎಂದ ಕೂಡಲೇ ಟಿಕ್ ಫೀವರೇ?

ಬೆಂಗಳೂರಿನಲ್ಲಿ ನಾಯಿ ಸಾಕಿದವರಿಗೆ ಟಿಕ್ ಫೀವರ್ ಗೊತ್ತಿಲ್ಲದೆ ಇರದು. ಉಣುಗು ಕಚ್ಚಿ ಹರಡುವ ಬೆಬೀಸಿಯಾ, ಎರ್ಲಿಚಿಯಾ ಸೋಂಕುಗಳಿವು. ಜ್ವರ ಬಂದ ನಾಯಿಯ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿದ್ದರೆ ವೈದ್ಯರು ಮೊದಲು ಅನುಮಾನಿಸುವುದು ಇದನ್ನೇ. ಬೇರೆ ನಾಯಿಗಳಲ್ಲಿ ಆ ಅನುಮಾನ ಸರಿ.

ಗ್ರೇಹೌಂಡ್‌ನಲ್ಲಿ ಲೆಕ್ಕ ಬೇರೆ. ಆರೋಗ್ಯವಾಗಿರುವ ಗ್ರೇಹೌಂಡ್‌ನ ಪ್ಲೇಟ್‌ಲೆಟ್ ಸಂಖ್ಯೆಯೇ ಬೇರೆ ನಾಯಿಗಳಿಗಿಂತ ಕಡಿಮೆ. ಮೈಕ್ರೋಲೀಟರಿಗೆ ಒಂದು ಲಕ್ಷದ ಆಸುಪಾಸಿನಲ್ಲಿದ್ದೂ ನಾಯಿ ಗಟ್ಟಿಮುಟ್ಟಾಗಿರಬಹುದು. ಕೆಂಪು ರಕ್ತಕಣದ ಪ್ರಮಾಣ ಇದಕ್ಕೆ ತದ್ವಿರುದ್ಧ. ಬೇರೆ ನಾಯಿಗಳಲ್ಲಿ ಶೇ 37ರಿಂದ 55ರಷ್ಟಿದ್ದರೆ ಗ್ರೇಹೌಂಡ್‌ನಲ್ಲಿ ಶೇ 50ರಿಂದ 65. ಓಡುವ ದೇಹಕ್ಕೆ ಆಮ್ಲಜನಕ ಹೊರುವ ಕಣ ಹೆಚ್ಚು ಬೇಕಲ್ಲ! ಇದರಿಂದ ಇನ್ನೊಂದು ಎಡವಟ್ಟು ಆಗುತ್ತದೆ: ಗ್ರೇಹೌಂಡ್‌ನ ವರದಿಯಲ್ಲಿ ಶೇ 40 ಎಂದು ಬಂದರೆ ಲ್ಯಾಬಿನ ಕಾಗದ 'ನಾರ್ಮಲ್' ಎನ್ನುತ್ತದೆ, ನಿಜದಲ್ಲಿ ಆ ನಾಯಿಗೆ ರಕ್ತಹೀನತೆ ಇರಬಹುದು. ಥೈರಾಯ್ಡ್‌ನ ಟಿ4 ಹಾರ್ಮೋನು ಕೂಡ ಇವುಗಳಲ್ಲಿ ಹುಟ್ಟಾ ಕಡಿಮೆ. ಅದನ್ನು ಕಾಯಿಲೆ ಎಂದು ತಿಳಿದು ಬದುಕಿಡೀ ಮಾತ್ರೆ ನುಂಗಿಸುವುದೂ ಉಂಟು. ಸಲೂಕಿ, ಸ್ಲೂಗಿ ತಳಿಗಳಲ್ಲೂ ಟಿ4 ಕಡಿಮೆ ಇರುವುದು ದಾಖಲಾಗಿದೆ. ಮುಧೋಳಕ್ಕೆ ಗ್ರೇಹೌಂಡ್‌ನ ಅಂಕಿಗಳನ್ನು ನೇರವಾಗಿ ಹಚ್ಚಬಾರದು. ಅದಕ್ಕೆ ಇರುವ ಉಪಾಯವೆಂದರೆ, ನಾಯಿ ಚೆನ್ನಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ವರದಿ ತೆಗೆದಿಟ್ಟುಕೊಳ್ಳುವುದು. ಜ್ವರ ಬಂದಾಗ ಹೋಲಿಸಿ ನೋಡಲು ಅದೇ ಅಳತೆಗೋಲು.

ಇಲ್ಲಿ ಒಂದು ಅಪಾಯವನ್ನೂ ಹೇಳಿಬಿಡಬೇಕು. "ಈ ಜಾತಿಗೆ ಪ್ಲೇಟ್‌ಲೆಟ್ ಕಡಿಮೇನೇ ಇರುತ್ತೆ" ಎಂದು ಸುಮ್ಮನೆ ಕೂರುವುದು ಅಷ್ಟೇ ತಪ್ಪು. ಒಸಡು ಬಿಳಿಚಿದ್ದರೆ, ಮೂಗಿನಿಂದ ರಕ್ತ ಬಂದರೆ, ಉಚ್ಚೆ ಕಂದು ಬಣ್ಣವಾದರೆ, ಊಟ ಬಿಟ್ಟು ಮಂಕಾದರೆ ಅದೇ ದಿನ ತೋರಿಸಿ. ಒಂದು ಸಂಖ್ಯೆಯ ಮೇಲೆ ತೀರ್ಮಾನಿಸದೆ ರಕ್ತದ ಸ್ಮಿಯರ್, ಅಗತ್ಯವಿದ್ದರೆ ಪಿಸಿಆರ್ ಪರೀಕ್ಷೆ ಮಾಡಿಸಲು ಕೇಳಿ. ಉಣುಗಿಗೆ ದನಕ್ಕೆ ಬಳಿಯುವ ಔಷಧವನ್ನು ಅಂದಾಜಿನಲ್ಲಿ ಕಲಸಿ ನಾಯಿಗೆ ಬಳಿಯುವವರಿದ್ದಾರೆ. ಚರ್ಮ ತೆಳುವಾದ ನಾಯಿಗೆ ಇದನ್ನು ಮಾಡಲೇಬೇಡಿ. ತೂಕ ನೋಡಿ ವೈದ್ಯರು ಬರೆದುಕೊಡುವ ಮಾತ್ರೆಗಳಿವೆ.

ಹಸಿ ಮಾಂಸ, ಮೂಳೆ, ಸಾರು

ಟ್ರ್ಯಾಕ್‌ಗಳಲ್ಲಿ ಹಸಿ ಮಾಂಸ ಹಾಕುವ ರೂಢಿ ಇದ್ದದ್ದು ನಿಜ. ಆದರೆ ಅದು ಅಗ್ಗ ಎಂಬುದು ಕಾರಣ, ಆರೋಗ್ಯವಲ್ಲ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ನಾಯಿ ಅರಗಿಸಿಕೊಂಡರೂ, ಅದರ ತಟ್ಟೆ ತೊಳೆಯುವವರಿಗೆ, ಅದು ಮುಖ ನೆಕ್ಕುವ ಮಕ್ಕಳಿಗೆ ದಾಟುತ್ತದೆ. ಮಾರುಕಟ್ಟೆಯಿಂದ ತಂದ ಬೋಟಿ, ಲಿವರ್ ಎಲ್ಲ ಬೇಯಿಸಿ ಕೊಡಿ. ಲಿವರ್ ದಿನಾ ಬೇಡ. ಬೇಯಿಸಿದ ಮೂಳೆ ಕೊಡಬೇಡಿ, ಸೀಳಿ ಚೂಪಾಗಿ ಗಂಟಲು, ಕರುಳು ಚುಚ್ಚುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಉಳಿದ ಸಾರನ್ನ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಣಸೆಹಣ್ಣಿನ ಕಥೆ ಇನ್ನೂ ಹೊಸದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೆಡುತ್ತದೆ ಎಂಬುದು ಬಹಳ ವರ್ಷಗಳಿಂದ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಅಮೆರಿಕದ ಪಶುವೈದ್ಯರು ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ಬಗೆಯ ಕಿಡ್ನಿ ತೊಂದರೆ ಕಂಡು, ಎರಡರಲ್ಲೂ ಹೇರಳವಾಗಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು 2022ರಲ್ಲಿ ಪ್ರಕಟಿಸಿದರು. "ನಮ್ಮ ಅಜ್ಜಿ ಕಾಲದಿಂದ ನಾಯಿಗೆ ಸಾರನ್ನವೇ ಹಾಕ್ತಿದ್ದೆವು, ಏನಾಗಿತ್ತು?" ಎಂದು ಕೇಳುವವರಿಗೆ ಉತ್ತರ: ಎಷ್ಟು ತಿಂದರೆ ತೊಂದರೆ ಎಂಬುದು ನಾಯಿಯಿಂದ ನಾಯಿಗೆ ಬೇರೆಯಾಗುತ್ತದೆ, ಮತ್ತು ಆ ಕಾಲದ ನಾಯಿಗಳ ಕಿಡ್ನಿಯನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಸಪ್ಪೆ ಅನ್ನ, ಬೇಯಿಸಿದ ಮಾಂಸ ಅಥವಾ ಮೊಟ್ಟೆ, ಒಂದಿಷ್ಟು ಕುಂಬಳಕಾಯಿ, ಜೊತೆಗೆ ಒಳ್ಳೆಯ ನಾಯಿ ಆಹಾರ. ಇಷ್ಟಾದರೆ ಆಯಿತು. ಓಟದಿಂದ ಬಂದ ಗ್ರೇಹೌಂಡ್‌ಗಳ ಹಲ್ಲು ಸಾಮಾನ್ಯವಾಗಿ ಹಾಳಾಗಿರುತ್ತವೆ, ಬಾಯಿ ತೆರೆದು ನೋಡಿಸಿ.

ಕುಕ್ಕೆ ಮತ್ತು ಕೊರಳಪಟ್ಟಿ

ಓಟದ ನಾಯಿಗಳಿಗೆ ಕುಕ್ಕೆ ಹಾಕುವುದು ಮನುಷ್ಯರನ್ನು ಕಚ್ಚುತ್ತವೆ ಎಂದಲ್ಲ. ಓಟದ ಭರದಲ್ಲಿ ಒಂದನ್ನೊಂದು ಗಾಯ ಮಾಡಿಕೊಳ್ಳದಿರಲಿ ಎಂದು. ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯ ಸಾಕಿದ ಗ್ರೇಹೌಂಡ್‌ಗೆ ಹೊರಗೆ ಕುಕ್ಕೆ ಕಡ್ಡಾಯ ಎಂಬ ನಿಯಮವನ್ನು 2019ರ ಜನವರಿಯಿಂದ ಕೈಬಿಟ್ಟಿತು. ಹಗ್ಗ ಮಾತ್ರ ಇಂದಿಗೂ ಕಡ್ಡಾಯ. ಆ ಎರಡನೆಯ ಮಾತೇ ಮುಖ್ಯ.

ಬೇಟೆನಾಯಿಗೆ ಕಣ್ಣೆದುರು ಏನೋ ಓಡಿದರೆ ಮುಗಿಯಿತು, ನಿಮ್ಮ ಕೂಗು ಕೇಳಿಸದು. ಮೀನಂಗಡಿಯ ಬೆಕ್ಕು, ಇಬ್ರಾಹಿಂ ಸಾಹೇಬ್ ಬೀದಿಯ ಮೂಲೆಯ ಕೋಳಿ, ಅಷ್ಟೇಕೆ, ಗಾಳಿಗೆ ಹಾರುವ ಪ್ಲಾಸ್ಟಿಕ್ ಕವರೂ ಸಾಕು. ಕೆಲವೇ ಹೆಜ್ಜೆಗಳಲ್ಲಿ ಪೂರ್ತಿ ವೇಗಕ್ಕೆ ಬರುವ ನಾಯಿ ಶಿವಾಜಿನಗರ ಬಸ್ ನಿಲ್ದಾಣದ ಕಡೆಗೆ ನುಗ್ಗಿದರೆ ಹಿಡಿಯುವವರು ಯಾರು? ಇವುಗಳ ತಲೆ ಕತ್ತಿಗಿಂತ ದಪ್ಪವಿಲ್ಲ, ಹಾಗಾಗಿ ಮಾಮೂಲಿ ಬೆಲ್ಟಿನಿಂದ ಹಿಂದಕ್ಕೆ ಜಾರಿ ತಪ್ಪಿಸಿಕೊಳ್ಳುತ್ತವೆ. ಎಳೆದಾಗ ಮಿತಿಯಲ್ಲಿ ಬಿಗಿಯಾಗುವ ಅಗಲದ 'ಮಾರ್ಟಿಂಗೇಲ್' ಕಾಲರ್ ಕೊಳ್ಳಿ, ಇಲ್ಲವೇ ಮೈಗೆ ಸರಿಹೊಂದುವ ಹಾರ್ನೆಸ್. ಉದ್ದಕ್ಕೆ ಬಿಚ್ಚಿಕೊಳ್ಳುವ ಸುರುಳಿ ಹಗ್ಗ ಬೇಡ; ಅದರ ತುದಿಗೆ ಬರುವಷ್ಟರಲ್ಲಿ ನಾಯಿ ಎತ್ತಿಕೊಂಡ ವೇಗಕ್ಕೆ ಅದರ ಕತ್ತಿಗೂ ನಿಮ್ಮ ಭುಜಕ್ಕೂ ಪೆಟ್ಟು. ಮನೆಯಲ್ಲಿ ಬೆಕ್ಕೋ ಗಿಣಿಯೋ ಇದ್ದರೆ ಮೊದಲೇ ಹೇಳಿ, ಬೆಕ್ಕಿನ ಎದುರು ಹೇಗಿರುತ್ತದೆಂದು ಪರೀಕ್ಷಿಸಿದ ನಾಯಿಯನ್ನೇ ಕೇಳಿ.

ಬೆಳೆದ ನಾಯಿ ಒಗ್ಗುವುದಿಲ್ಲವೇ?

ಒಗ್ಗುತ್ತದೆ. ಆದರೆ ಕೆನಲ್‌ನಲ್ಲಿ ಬೆಳೆದ ನಾಯಿಗೆ ಮನೆ ಎಂಬುದೇ ಹೊಸದು. ಮೆಟ್ಟಿಲು ಹತ್ತಿ ಗೊತ್ತಿಲ್ಲ, ಗಾಜಿನ ಬಾಗಿಲು ಗೊತ್ತಿಲ್ಲ, ಕುಕ್ಕರ್ ಸೀಟಿ ಕೇಳಿಲ್ಲ. ಮುಖ್ಯವಾಗಿ ಅದು ಒಂಟಿಯಾಗಿ ಇದ್ದದ್ದೇ ಇಲ್ಲ, ಸುತ್ತ ಸದಾ ಬೇರೆ ನಾಯಿಗಳಿದ್ದವು. ಮೊದಲ ದಿನವೇ ಬೀಗ ಹಾಕಿ ಆಫೀಸಿಗೆ ಹೋದರೆ ಊಳಿಡುತ್ತದೆ. ಐದು ನಿಮಿಷ, ಹತ್ತು ನಿಮಿಷ ಎಂದು ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಬೇಕು. ಗಾಬರಿ ಇಳಿಯಲು ಮೂರು ದಿನ, ದಿನಚರಿ ಹಿಡಿಯಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು ಎಂಬುದು ದತ್ತು ಕೊಡುವವರು ಹೇಳುವ ಅಂದಾಜು. ಇದು ನಿಯಮವಲ್ಲ, ಆದರೆ ಎರಡನೇ ವಾರಕ್ಕೇ ವಾಪಸು ಕೊಡಲು ಹೊರಟವರು ಇದನ್ನು ನೆನೆಯುವುದು ಒಳ್ಳೆಯದು.

ಮಕ್ಕಳಿರುವ ಮನೆಗೆ ಒಂದು ಮಾತು: ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸಬಾರದು. ಗ್ರೇಹೌಂಡ್ ಕೆಲವೊಮ್ಮೆ ಕಣ್ಣು ಬಿಟ್ಟುಕೊಂಡೇ ಮಲಗುತ್ತದೆ, ಗುರಕ್ಕೆಂದು ಬೆಚ್ಚಿ ಏಳುತ್ತದೆ. ದೂರದಿಂದ ಹೆಸರು ಕರೆದು ಎಬ್ಬಿಸಿ. ವಯಸ್ಸಾದ ಗ್ರೇಹೌಂಡ್ ಕುಂಟತೊಡಗಿ ವಾರವಾದರೂ ಸರಿಹೋಗದಿದ್ದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ, ಎಕ್ಸ್‌ರೇ ತೆಗೆಸಿ. ಮೂಳೆ ಕ್ಯಾನ್ಸರ್ ಈ ತಳಿಯಲ್ಲಿ ಹೆಚ್ಚು. ಅಂಗಾಲಿನ ಆಣಿಯೂ ಕಾರಣವಿರಬಹುದು, ಅದೂ ಇವುಗಳಲ್ಲಿ ಮಾಮೂಲು.

ಎಲ್ಲಿಂದ ತರುವುದು?

ರಸ್ತೆ ಬದಿ ಬುಟ್ಟಿಯಲ್ಲಿಟ್ಟು ಮಾರುವ 'ಮುಧೋಳ' ಮರಿಯನ್ನು ಕೊಳ್ಳಬೇಡಿ. 2017ರ ನಾಯಿ ತಳಿ ಸಾಕಣೆ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 2018ರ ನಿಯಮಗಳು ಸಾಕುಪ್ರಾಣಿ ಅಂಗಡಿಗಳಿಗೂ ನೋಂದಣಿ ಕಡ್ಡಾಯ ಮಾಡಿವೆ. ಮರಿಯೇ ಬೇಕೆಂದರೆ ತಿಮ್ಮಾಪುರದ ಕೇಂದ್ರದಲ್ಲಿ ವಿಚಾರಿಸಿ. ಆದರೆ ಬೇಟೆನಾಯಿಯ ಬಗ್ಗೆ ನಿಜವಾಗಿ ಒಲವಿದ್ದವರು ಬೆಳೆದ ನಾಯಿಯನ್ನು ದತ್ತು ಪಡೆಯುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಅದರ ಸ್ವಭಾವ ಆಗಲೇ ಗೊತ್ತಿರುತ್ತದೆ. 1991ರಲ್ಲಿ ಶುರುವಾದ ಕ್ಯೂಪಾದಂಥ ಬೆಂಗಳೂರಿನ ಪ್ರಾಣಿದಯಾ ಸಂಸ್ಥೆಗಳಲ್ಲಿ ಹೆಸರು ಬರೆಸಿ, ಇಂಥದೇ ನಾಯಿ ಬೇಕೆಂದು ಹೇಳಿಟ್ಟಿರಿ. ತಕ್ಷಣ ಸಿಗದಿರಬಹುದು.

ನಾಯಿ ಬಂದ ವಾರದಲ್ಲೇ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗೋ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ, ನಿಮ್ಮ ಹತ್ತಿರದ ವೈದ್ಯರ ಬಳಿಗೋ ಕರೆದೊಯ್ಯಿರಿ. ರೇಬಿಸ್ ಲಸಿಕೆ ಹಾಕಿಸಿ ಕಾರ್ಡ್ ತೆಗೆದುಕೊಳ್ಳಿ, ಪಾಲಿಕೆಯ ಲೈಸೆನ್ಸ್‌ಗೂ ಅದು ಬೇಕು. ಅದೇ ಕಾರ್ಡಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ: "ಬೇಟೆನಾಯಿ ಜಾತಿ. ಅರಿವಳಿಕೆಗೆ ಥಯೊಪೆಂಟಾಲ್ ಬೇಡ. ಚೆನ್ನಾಗಿದ್ದಾಗಿನ ರಕ್ತದ ವರದಿ ಒಳಗಿದೆ." ರಾತ್ರಿ ಹನ್ನೊಂದಕ್ಕೆ ತುರ್ತಾಗಿ ಗೊತ್ತಿಲ್ಲದ ಆಸ್ಪತ್ರೆಗೆ ಓಡಬೇಕಾದಾಗ ನೀವು ಹೇಳಲು ಮರೆತರೂ ಕಾರ್ಡ್ ಹೇಳುತ್ತದೆ.